ಹನ್ನೊಂದು ಸಾವಿರದ ಡಬ್ಬ: ಕಂಪ್ರೆಸರ್ ಕೊಳ್ಳೋ ಮುಂಚೆ ಇದನ್ನ ಓದಿ

1/10

ಮೊನ್ನೆ ರಾತ್ರಿ ನಮ್ಮ ಜೂನಿಯರ್ ಒಬ್ಬ ಮೆಸೇಜ್ ಹಾಕಿದ್ದ.

"ಅಣ್ಣ, ಸ್ಕಾಲರ್‌ಶಿಪ್ ದುಡ್ಡು ಬಂತು. ರೂಮಲ್ಲೇ ಹಾಡು ರೆಕಾರ್ಡ್ ಮಾಡ್ತಿದೀನಿ. ಮೈಕ್ ಇದೆ, ಇಂಟರ್‌ಫೇಸ್ ಇದೆ. ಕಡಿಮೆ ರೇಟಲ್ಲಿ ಯಾವ ಕಂಪ್ರೆಸರ್ ತಗೊಳ್ಳಲಿ?"

ಜೊತೆಗೆ ಮೂರು ರೀಲ್ ಕಳಿಸಿದ್ದ. ಮೂರರಲ್ಲೂ ಒಂದೇ ರಾಗ: ನಿಮ್ಮ ವಾಯ್ಸ್ ಸ್ಟುಡಿಯೊ ಥರ ಕೇಳಿಸ್ತಿಲ್ವಾ? ಕಾರಣ ನಿಮ್ಮ ಹತ್ರ ಕಂಪ್ರೆಸರ್ ಇಲ್ಲ. ಈ ಡಬ್ಬ ತಗೊಳ್ಳಿ. ಲಿಂಕ್ ಬಯೋದಲ್ಲಿದೆ.

ನಾನು ಒಂದೇ ಸಾಲಲ್ಲಿ ಉತ್ತರ ಕೊಟ್ಟೆ: "ತಗೋಬೇಡ ಮಗಾ. ನಿನ್ನ ಲ್ಯಾಪ್‌ಟಾಪಲ್ಲಿ ಆಗ್ಲೇ ಒಂದಿದೆ."

ಅವನು ಬಿಡ್ಲಿಲ್ಲ. "ಫ್ರೀ ಸಿಗೋದು ಹೆಂಗಣ್ಣ ಚೆನ್ನಾಗಿರುತ್ತೆ?"

ಈ ಪ್ರಶ್ನೆಗೇ ಈ ಹತ್ತು ಕ್ಯಾಪ್ಶನ್. ಯಾಕಂದ್ರೆ ಇದು ಅವನೊಬ್ಬನ ಪ್ರಶ್ನೆ ಅಲ್ಲ. ದುಡ್ಡು ಕೊಟ್ರೆ ಮಾತ್ರ ಗುಣ ಬರುತ್ತೆ ಅಂತ ನಮ್ಮ ತಲೆಗೆ ಯಾರೋ ತುಂಬಿಬಿಟ್ಟಿದಾರೆ. ಹಾಗೆ ತುಂಬಿದವರಿಗೆ ಒಂದೊಂದು ಸೇಲ್‌ಗೂ ಕಮಿಷನ್ ಸಿಗುತ್ತೆ. ನಮಗೆ ಸಿಗೋದು ಖಾಲಿ ಅಕೌಂಟು.

ನನ್ನ ವಾದ ಸುತ್ತಿ ಬಳಸಿ ಇಲ್ಲ. ಮನೇಲಿ, ಹಾಸ್ಟೆಲ್‌ನಲ್ಲಿ ರೆಕಾರ್ಡ್ ಮಾಡೋರಿಗೆ ಅಗ್ಗದ ಹಾರ್ಡ್‌ವೇರ್ ಕಂಪ್ರೆಸರ್ ಬೇಡ. ಸಾಫ್ಟ್‌ವೇರ್ ಜೊತೆ ಬಂದಿರೋದು ಸಾಕು, ಸಾಕಾಗಿ ಮಿಗುತ್ತೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ: ರೆಕಾರ್ಡ್ ಆಗೋ ಹೊತ್ತಲ್ಲೇ ಕಂಪ್ರೆಸ್ ಮಾಡ್ಬೇಡಿ. ಆಮೇಲೆ ಮಾಡಿ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ಹನ್ನೊಂದು ಸಾವಿರ ರೂಪಾಯಿ ಮತ್ತು ಮೂರು ಹಾಡು ಕಳ್ಕೊಂಡು ಹೇಳ್ತಿದೀನಿ. ಆ ಕಥೆ ಮೂರನೇ ಕ್ಯಾಪ್ಶನ್‌ನಲ್ಲಿದೆ. ಮೊದ್ಲು ಈ ಕಂಪ್ರೆಸರ್ ಅಂದ್ರೇನು ಅಂತ ನೋಡಣ.

2/10

ಕಂಪ್ರೆಸರ್ ತಗೊಂಡೆ ಅಂತ ಫೋನಲ್ಲಿ ಹೇಳಿದಾಗ ನಮ್ಮಪ್ಪ ಕೇಳಿದ ಮೊದಲ ಪ್ರಶ್ನೆ: "ಪಂಕ್ಚರ್ ಅಂಗಡಿ ಇಡ್ತೀಯೇನೋ?"

ಅಲ್ಲಪ್ಪ. ಇದು ಗಾಳಿ ಒತ್ತೋದಲ್ಲ, ದನಿ ಒತ್ತೋದು.

ರಾತ್ರಿ ರೇಡಿಯೊ ನಾಟಕ ಕೇಳ್ತಿರೋ ಅಜ್ಜನನ್ನ ನೆನಪು ಮಾಡ್ಕೊಳ್ಳಿ. ಪಾತ್ರ ಕಿರುಚಿದ ತಕ್ಷಣ ಅಜ್ಜನ ಕೈ ವಾಲ್ಯೂಮ್ ಕಡೆ ಹೋಗಿ ಕಡಿಮೆ ಮಾಡುತ್ತೆ. ಕಿರುಚಾಟ ಮುಗಿದ್ರೆ ಮತ್ತೆ ಮೊದಲಿನ ಜಾಗಕ್ಕೆ. ಕಂಪ್ರೆಸರ್ ಅಂದ್ರೆ ಆ ಕೈ. ಅಷ್ಟೇ.

ಎಷ್ಟು ಜೋರಾದ್ರೆ ಕೈ ಏಳುತ್ತೆ? ಅದು ಥ್ರೆಶೋಲ್ಡ್.
ಎದ್ದ ಕೈ ಎಷ್ಟು ತಿರುಗಿಸುತ್ತೆ? ರೇಶಿಯೊ.
ಎಷ್ಟು ಬೇಗ ತಿರುಗಿಸುತ್ತೆ? ಅಟ್ಯಾಕ್.
ಎಷ್ಟು ಬೇಗ ವಾಪಸ್ ಬಿಡುತ್ತೆ? ರಿಲೀಸ್.
ಎಲ್ಲಾ ಆದ್ಮೇಲೆ ಒಟ್ಟಾರೆ ದನಿನ ಮೇಲೆತ್ತೋದು ಮೇಕಪ್ ಗೇನ್.

ಲೆಕ್ಕದಲ್ಲಿ ನೋಡಿ. ಥ್ರೆಶೋಲ್ಡ್ -20 ಡಿಬಿ, ರೇಶಿಯೊ 4:1 ಅಂತ ಇಟ್ಕೊಳ್ಳಿ. ನೀವು ಎತ್ತರದ ಸ್ವರ ಹಿಡಿದು -8ಕ್ಕೆ ಹೋದ್ರಿ. ಅಂದ್ರೆ ಗೆರೆಗಿಂತ 12 ಡಿಬಿ ಮೇಲೆ. ಕಂಪ್ರೆಸರ್ ಆ ಹನ್ನೆರಡನ್ನ ನಾಲ್ಕರಿಂದ ಭಾಗಿಸಿ ಮೂರು ಮಾಡುತ್ತೆ. ಹೊರಗೆ ಬರೋದು -17. ಒಂಬತ್ತು ಡಿಬಿ ತಗ್ಗಿತು. ಈಗ ಮೇಕಪ್ ಗೇನ್‌ನಲ್ಲಿ ಆ ಒಂಬತ್ತನ್ನ ವಾಪಸ್ ಸೇರಿಸ್ತೀರಿ. ಎತ್ತರದ ಸ್ವರ ಮತ್ತೆ -8ಕ್ಕೆ ಬಂತು. ಆದ್ರೆ ನೀವು ಪಿಸುಗುಟ್ಟಿದ ಸಾಲು -30ರಲ್ಲಿತ್ತಲ್ಲ, ಅದು -21ಕ್ಕೆ ಏರ್ತು. ಹಾಡು ತುಂಬಿಕೊಂಡ ಹಾಗೆ ಕೇಳುತ್ತೆ. ರೀಲ್‌ನವರು ತೋರ್ಸೋದು ಇಷ್ಟು.

ತೋರಿಸದೆ ಇರೋದು ಇದು: ತಲೆ ಮೇಲಿನ ಫ್ಯಾನು -55ರಲ್ಲಿ ಸುಮ್ನಿತ್ತು. ನೀವು ಹಾಡು ನಿಲ್ಲಿಸಿದಾಗ ಅದೂ -46ಕ್ಕೆ ಏರುತ್ತೆ. ಕಂಪ್ರೆಸರ್‌ಗೆ ಹಾಡೂ ಒಂದೇ, ಫ್ಯಾನೂ ಒಂದೇ. ಬೀದೀಲಿ ಹಾರ್ನು, ಪಕ್ಕದ್ಮನೆ ಕುಕ್ಕರ್ ವಿಷಲ್ಲು, ಎಲ್ಲಾ ಮುಂದಿನ ಸಾಲಿಗೆ ಬಂದು ಕೂರ್ತವೆ.

ಕೆಟ್ಟ ರೂಮನ್ನ ಕಂಪ್ರೆಸರ್ ಮುಚ್ಚಲ್ಲ. ಎತ್ತಿ ತೋರಿಸುತ್ತೆ.

3/10

ಎರಡು ವರ್ಷದ ಹಿಂದಿನ ಮಾತು. ಎರಡು ಮದುವೆ ಸೀಸನ್ ಕೇಟರಿಂಗ್‌ನಲ್ಲಿ ಬಡಿಸಿ ದುಡ್ಡು ಕೂಡಿಸಿದ್ದೆ. ಅದ್ರಲ್ಲಿ 11,000 ಕೊಟ್ಟು ಒಂದು ಸೆಕೆಂಡ್‌ಹ್ಯಾಂಡ್ ರ‍್ಯಾಕ್ ಕಂಪ್ರೆಸರ್ ತಂದೆ. ಕಪ್ಪು ಡಬ್ಬ, ಸಾಲು ಸಾಲು ಲೈಟು. ನೋಡ್ತಾ ಕೂತ್ರೆ ಊಟ ಬೇಡ.

ಬೇಸಿಗೆ ರಜಕ್ಕೆ ಅದನ್ನ ಹೊತ್ಕೊಂಡು ಹಾಸನದ ಕಡೆ ನಮ್ಮೂರಿಗೆ ಹೋದೆ. ಅಜ್ಜಿ ಸೋಬಾನೆ ಪದ ಹಾಡ್ತಾಳೆ, ಬೀಸೋ ಪದ ಹಾಡ್ತಾಳೆ. ಪಕ್ಕದ್ಮನೆ ಅಜ್ಜಿ ಅವಳ ಜೊತೆಗಾತಿ. ಒಬ್ಬಳು ಎತ್ತಿಕೊಟ್ರೆ ಇನ್ನೊಬ್ಬಳು ಹಿಡ್ಕೊಳ್ಳೋದು. ಪಡಸಾಲೇಲಿ ಇಬ್ಬರನ್ನೂ ಕೂರ್ಸಿ ಹನ್ನೊಂದು ಪದ ರೆಕಾರ್ಡ್ ಮಾಡಿದೆ. ಮೈಕಿಂದ ಸಣ್ಣ ಮಿಕ್ಸರ್, ಮಿಕ್ಸರ್ ನಡುವೆ ಕಂಪ್ರೆಸರ್, ಅಲ್ಲಿಂದ ಲ್ಯಾಪ್‌ಟಾಪ್. ಥ್ರೆಶೋಲ್ಡ್ ಪೂರ್ತಿ ಕೆಳಗೆ, ರೇಶಿಯೊ ಎಂಟಕ್ಕೆ, ರಿಲೀಸ್ ಫಾಸ್ಟ್. ಯಾಕೆ ಅಂತ ಗೊತ್ತಿರ್ಲಿಲ್ಲ. ಲೈಟು ಕುಣೀತಿದ್ವು, ಹೆಡ್‌ಫೋನಲ್ಲಿ ಜೋರಾಗಿ ಕೇಳ್ತಿತ್ತು. ನಾನು ದೊಡ್ಡ ಇಂಜಿನಿಯರ್ ಆಗ್ಬಿಟ್ಟಿದ್ದೆ.

ಮೈಸೂರಿಗೆ ಬಂದು ರೂಮಲ್ಲಿ ನಿಧಾನಕ್ಕೆ ಕೇಳಿದಾಗ ಹೊಟ್ಟೆ ತಣ್ಣಗಾಯ್ತು. ಅಜ್ಜಿ ಉಸಿರು ತಗೊಂಡಾಗೆಲ್ಲ ಫ್ಯಾನು ಹುಸ್ಸಂತ ಎದ್ದು ಬರುತ್ತೆ. ಹಾಡಿದ ತಕ್ಷಣ ಅಡಗುತ್ತೆ. ಪ್ರತಿ ಸಾಲಿನ ಮೊದಲ ಅಕ್ಷರ ಹಿಸುಕಿದ ಹಾಗಿದೆ. ಕೈ ಬಳೆ ಒಂದ್ಸಲ ಝಲ್ ಅಂದ್ರೆ ಇಬ್ಬರ ದನಿಯೂ ಒಂದು ಕ್ಷಣ ಮುಳುಗಿ ಏಳುತ್ತೆ.

ಅನ್‌ಡು ಒತ್ತೋಣ ಅಂದ್ರೆ ಅನ್‌ಡು ಇಲ್ಲ. ಫೈಲಿಗೆ ಬಿದ್ದಿರೋದೇ ಕಂಪ್ರೆಸ್ ಆದ ದನಿ. ಅಸಲಿ ದನಿ ಎಲ್ಲೂ ಉಳಿದಿಲ್ಲ.

ದಸರಾ ರಜಕ್ಕೆ ಮತ್ತೆ ಹೋದೆ. ಅಷ್ಟರಲ್ಲಿ ಪಕ್ಕದ್ಮನೆ ಅಜ್ಜಿ ತೀರ್ಕೊಂಡಿದ್ರು. ನಮ್ಮಜ್ಜಿ ಎಂಟು ಪದ ಒಬ್ಬಳೇ ಹಾಡಿದ್ಲು. ಮೂರು ಬರ್ಲಿಲ್ಲ. "ಅವು ಅವಳು ಎತ್ತಿಕೊಡ್ತಿದ್ದ ಪದ ಕಣೋ" ಅಂದ್ಲು.

ಆ ಮೂರು ಈಗ ನನ್ನ ಹತ್ರ ಮಾತ್ರ ಇವೆ. ಫ್ಯಾನಿನ ಜೊತೆ.

4/10

"ಹಾಗಾದ್ರೆ ದೊಡ್ಡ ದೊಡ್ಡ ಸ್ಟುಡಿಯೊಗಳಲ್ಲಿ ರೆಕಾರ್ಡ್ ಆಗುವಾಗ್ಲೇ ಕಂಪ್ರೆಸರ್ ಹಾಕ್ತಿದ್ರಲ್ಲ?"

ಹಾಕ್ತಿದ್ರು. ಕಾರಣ ಇತ್ತು. ಆ ಕಾರಣ ನಮಗಿಲ್ಲ.

ಟೇಪ್ ಕಾಲದಲ್ಲಿ ಇಂಜಿನಿಯರ್ ಎರಡು ಗೋಡೆ ನಡುವೆ ಸಿಕ್ಕಿಹಾಕ್ಕೊಂಡಿದ್ದ. ಮೆಲ್ಲಗೆ ರೆಕಾರ್ಡ್ ಮಾಡಿದ್ರೆ ಟೇಪಿನದ್ದೇ ಸುಯ್ ಶಬ್ದ ಹಾಡನ್ನ ತಿನ್ನುತ್ತೆ. ಜೋರಾದ್ರೆ ಟೇಪು ಒಡೆದ ದನಿ ಕೊಡುತ್ತೆ. ನಡುವಿನ ಜಾಗ ಸುಮಾರು 60-70 ಡಿಬಿ. ಅಷ್ಟರೊಳಗೆ ಹಾಡುಗಾರನ ಪಿಸುಮಾತೂ ಕೂಗೂ ಎರಡೂ ಹಿಡೀಬೇಕು. ರೇಡಿಯೊದವರಿಗೂ ಇದೇ ಕಷ್ಟ, ಟ್ರಾನ್ಸ್‌ಮಿಟರ್ ಮಿತಿ ಮೀರಬಾರದು. ಈ ಅನಿವಾರ್ಯದಿಂದ ಹುಟ್ಟಿದ ಯಂತ್ರಗಳು ಇವು.

1950ರ ದಶಕದ ಫೇರ್‌ಚೈಲ್ಡ್ 670ರಲ್ಲಿ 20 ವಾಲ್ವ್ ಇದ್ವು. ತೂಕ ಹೆಚ್ಚುಕಮ್ಮಿ ಒಂದು ಅಕ್ಕಿ ಮೂಟೆ. 1960ರ ದಶಕದ ಟೆಲಿಟ್ರಾನಿಕ್ಸ್ ಎಲ್‌ಎ-2ಎ ಅನ್ನ ಜಿಮ್ ಲಾರೆನ್ಸ್ ರೂಪಿಸಿದ್ದು. ಅದರೊಳಗೆ ಒಂದು ಬೆಳಕಿನ ಫಲಕ, ಎದುರಿಗೆ ಬೆಳಕು ಬಿದ್ದಾಗ ಬದಲಾಗೋ ರೆಸಿಸ್ಟರ್. ದನಿ ಜೋರಾದಷ್ಟೂ ಬೆಳಕು ಹೆಚ್ಚು, ಬೆಳಕು ಹೆಚ್ಚಾದಷ್ಟೂ ದನಿ ಕಡಿಮೆ. ಎಷ್ಟು ಚೆಂದದ ಐಡಿಯಾ ನೋಡಿ. 1967ರಲ್ಲಿ ಬಿಲ್ ಪಟ್ನಮ್ ಅವರ 1176 ಬಂತು. ಅದರ ಅಟ್ಯಾಕ್ ಮೈಕ್ರೊಸೆಕೆಂಡುಗಳಲ್ಲಿ.

ಇವೆಲ್ಲ ಅದ್ಭುತ. ಜಗಳ ಇಲ್ಲ.

ಆದ್ರೆ ನಿಮ್ಮ ಟೇಬಲ್ ಮೇಲಿರೋ ಚಿಕ್ಕ ಇಂಟರ್‌ಫೇಸು 24 ಬಿಟ್. ಲೆಕ್ಕದ ಪ್ರಕಾರ 24 ಬಿಟ್ ಅಂದ್ರೆ 144 ಡಿಬಿ ಜಾಗ, ಸಿಡಿಯ 16 ಬಿಟ್‌ಗೆ 96. ನಿಜವಾದ ಯಂತ್ರದಲ್ಲಿ 144 ಪೂರ್ತಿ ಸಿಗಲ್ಲ. ಆದ್ರೂ ಟೇಪಿಗಿಂತ ಎಷ್ಟೋ ಹೆಚ್ಚು. ಹಾಗಾಗಿ ಜೋರಾಗಿ ಹಾಡಿದಾಗ್ಲೂ ಮೀಟರು -10 ದಾಟದ ಹಾಗೆ ಗೇನ್ ಇಟ್ಟು ಸುಮ್ನೆ ರೆಕಾರ್ಡ್ ಮಾಡಿ. ಮೆಲ್ಲಗಾಯ್ತಾ? ಆಮೇಲೆ ಏರಿಸ್ಕೊಳ್ಳಿ. ಇಂಟರ್‌ಫೇಸಿನ ಶಬ್ದ ಏರೋಕೆ ಮುಂಚೆ ನಿಮ್ಮ ರೂಮಿನ ಶಬ್ದ ಕೇಳುತ್ತೆ.

ಅವರಿಗೆ ಇದ್ದದ್ದು ಇಕ್ಕಟ್ಟು. ನಮಗೆ ಬಯಲಿದೆ. ಬಯಲಲ್ಲಿ ನಿಂತು ಯಾಕೆ ತಲೆ ತಗ್ಗಿಸ್ಕೊಂಡು ನಡೀಬೇಕು?

5/10

ಸರಿ, ದುಡ್ಡಿದೆ, ತಗೊಂಡೇ ತಗೋತೀನಿ ಅಂತೀರಾ? ಒಂದು ಪ್ರಶ್ನೆ. ಎಲ್ಲಿಗೆ ಚುಚ್ತೀರಿ?

ನಗಬೇಡಿ. ಈ ಪ್ರಶ್ನೆನ ಒಂದು ರೀಲೂ ಕೇಳಲ್ಲ.

ಮೈಕಿಂದ ಬರೋ ಸಿಗ್ನಲ್ ತುಂಬಾ ಸಣ್ಣದು. ಸಾಮಾನ್ಯ ಹಾರ್ಡ್‌ವೇರ್ ಕಂಪ್ರೆಸರ್ ಕೇಳೋದು ಲೈನ್ ಲೆವೆಲ್, ಅಂದ್ರೆ ಪ್ರಿಆಂಪ್ ದಾಟಿ ದೊಡ್ಡದಾದ ಸಿಗ್ನಲ್. ಮೈಕನ್ನ ನೇರ ಅದಕ್ಕೆ ಚುಚ್ಚಿದ್ರೆ ಕೆಲಸ ನಡೆಯಲ್ಲ. ಕಂಡೆನ್ಸರ್ ಮೈಕಾದ್ರೆ 48 ವೋಲ್ಟ್ ಫ್ಯಾಂಟಮ್ ಪವರ್ ಕೂಡ ಸಿಗಲ್ಲ. ಹಾಗಾಗಿ ಕಂಪ್ರೆಸರ್ ಕೂರ್ಬೇಕಾದ ಜಾಗ ಪ್ರಿಆಂಪ್ ಆದ್ಮೇಲೆ, ಡಿಜಿಟಲ್ ಆಗೋ ಮುಂಚೆ.

ಆ ಜಾಗ ನಿಮ್ಮ ಇಂಟರ್‌ಫೇಸಿನ ಹೊಟ್ಟೆಯೊಳಗಿದೆ. ಅಲ್ಲಿಗೆ ಹೋಗೋಕೆ ಇನ್ಸರ್ಟ್ ಅನ್ನೋ ತೂತು ಬೇಕು. ನಮ್ಮಂಥವರು ಕೊಳ್ಳೋ ಎರಡು ಚಾನೆಲ್ಲಿನ ಇಂಟರ್‌ಫೇಸುಗಳಲ್ಲಿ ಅದು ಇರೋದು ಅಪರೂಪ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಲ್ಲಿ ಇಲ್ಲ. ಬೆರಿಂಗರ್ ಯುಎಂಸಿ204ಎಚ್‌ಡಿಯ ಹಿಂದೆ ಇದೆ. ಮೊದ್ಲು ನಿಮ್ಮದನ್ನ ತಿರುಗಿಸಿ ನೋಡಿ.

ಇಲ್ಲ ಅಂದ್ರೆ ಬೇರೆ ಪ್ರಿಆಂಪೋ ಮಿಕ್ಸರೋ ಬೇಕು. ಅದಕ್ಕೆ ಕೇಬಲ್ಲು. ಇನ್ಸರ್ಟ್ ಕೇಬಲ್ಲು ಬೇರೆ ಥರದ್ದು, ಒಂದು ಕಡೆ ಒಂದು ಮೂತಿ, ಇನ್ನೊಂದು ಕಡೆ ಎರಡು. ಆಮೇಲೆ ಕರೆಂಟಿಗೆ ಇನ್ನೊಂದು ಪ್ಲಗ್ಗು. ಎಲ್ಲಾ ಚುಚ್ಚಿದ ಮೇಲೆ ಗುಂಯ್ ಅಂತ ಹಮ್ ಶುರುವಾದ್ರೆ ಅದು ಎಲ್ಲಿಂದ ಬರ್ತಿದೆ ಅಂತ ಹುಡುಕೋಕೆ ಒಂದು ಭಾನುವಾರ.

11,000ದ ಡಬ್ಬ ನನ್ನ ಕೈಗೆ ಬಂದು ಕೆಲಸ ಶುರು ಮಾಡೋ ಹೊತ್ತಿಗೆ ಇನ್ನೂ ಹಲವು ಸಾವಿರ ಹೋಗಿತ್ತು. "ಅಗ್ಗದ ಕಂಪ್ರೆಸರ್" ಅನ್ನೋ ಮಾತಲ್ಲಿ ಈ ಯಾವ ಖರ್ಚೂ ಸೇರಿರಲ್ಲ.

ಪ್ಲಗಿನ್‌ಗೆ ಇವ್ಯಾವೂ ಬೇಡ. ಒಂದೇ ಪ್ಲಗಿನ್ನನ್ನ ಹತ್ತು ಟ್ರ್ಯಾಕಿಗೆ ಹತ್ತು ಥರ ಹಾಕ್ಬೋದು. ಡಬ್ಬ ಒಂದು ಸಲಕ್ಕೆ ಒಂದೋ ಎರಡೋ ಟ್ರ್ಯಾಕಿಗೆ ಅಷ್ಟೇ.

6/10

ಈಗ ರೀಲ್‌ಗಳ ಜಾದೂ ಬಿಚ್ಚೋಣ. 🎧 ಹೆಡ್‌ಫೋನ್ ಹಾಕ್ಕೊಂಡು ಓದಿ.

"ಬಿಫೋರ್" ಅಂತ ಒಂದು ದನಿ. ಆಮೇಲೆ ಚಿಟಿಕೆ. "ಆಫ್ಟರ್" ಅಂತ ಇನ್ನೊಂದು. ಎರಡನೇದು ತುಂಬಿಕೊಂಡು, ಹತ್ರ ಬಂದು, ಬೆಳಗ್ತಿರುತ್ತೆ. ಕಾಮೆಂಟಲ್ಲೆಲ್ಲ ಬೆಂಕಿ ಎಮೋಜಿ.

ಮುಂದಿನ ಸಲ ಒಂದು ಕೆಲಸ ಮಾಡಿ. "ಆಫ್ಟರ್" ಬಂದಾಗ ನಿಮ್ಮ ಫೋನಿನ ವಾಲ್ಯೂಮ್ ಒಂದೆರಡು ಗೆರೆ ಇಳಿಸಿ, ಎರಡೂ ಒಂದೇ ಜೋರಲ್ಲಿ ಕೇಳೋ ಹಾಗೆ. ಜಾದೂ ಅರ್ಧಕ್ಕರ್ಧ ಮಾಯ.

ಯಾಕಂದ್ರೆ ನಮ್ಮ ಕಿವಿಯ ಗುಣವೇ ಹಾಗೆ. ಸ್ವಲ್ಪ ಜೋರಾಗಿ ಕೇಳಿದ್ದನ್ನ "ಚೆನ್ನಾಗಿದೆ" ಅಂದ್ಕೊಂಡುಬಿಡುತ್ತೆ. ಎರಡು ಡಿಬಿ ವ್ಯತ್ಯಾಸ ಸಾಕು. ಜೋರಾಯ್ತು ಅಂತ ಅನ್ನಿಸಲ್ಲ, ಗುಣ ಹೆಚ್ಚಾಯ್ತು ಅಂತ ಅನ್ನಿಸುತ್ತೆ. ಮೇಕಪ್ ಗೇನ್ ತಿರುಗಿಸಿ ಡಬ್ಬ ಮಾರೋದು ಅಂದ್ರೆ ತಕ್ಕಡಿ ಕೆಳಗೆ ಬೆರಳಿಟ್ಟು ತೂಗಿದ ಹಾಗೆ.

ಇದಕ್ಕೆ ಮದ್ದು ಸುಲಭ. ಕಂಪ್ರೆಸರ್ ಹಾಕಿದ್ಮೇಲೆ ಔಟ್‌ಪುಟ್ಟನ್ನ ಹೊಂದಿಸಿ, ಬೈಪಾಸ್ ಮಾಡಿದ್ರೂ ಮಾಡದಿದ್ರೂ ಒಂದೇ ಜೋರು ಇರೋ ಹಾಗೆ. ಆಮೇಲೆ ಕಣ್ಣು ಮುಚ್ಚಿ, ರೂಮ್‌ಮೇಟ್ ಕೈಲಿ ಬೈಪಾಸ್ ಬಟನ್ ಒತ್ತಿಸಿ. ಯಾವುದು ಬೇಕು ಅಂತ ಕಿವಿ ಹೇಳ್ಲಿ. ಎಷ್ಟೋ ಸಲ ಕಂಪ್ರೆಸರ್ ಇಲ್ಲದ್ದೇ ಗೆಲ್ಲುತ್ತೆ. ಗೆದ್ರೆ ನಾಚಿಕೆ ಬೇಡ, ತೆಗೆದುಹಾಕಿ.

"ಜೋರಾಗಿ ಇಲ್ದೆ ಇದ್ರೆ ನನ್ನ ಹಾಡು ಬೇರೆ ಹಾಡುಗಳ ಮುಂದೆ ಸಪ್ಪೆ ಅನ್ಸುತ್ತೆ" ಅನ್ನೋ ಭಯ ಬೇರೆ. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗಲ್ಲಿ ಎಲ್ಲಾ ಹಾಡನ್ನೂ ಸುಮಾರು -14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಹೊಂದಿಸಿ ಕೇಳಿಸುತ್ತೆ. ನೀವು ಹಿಂಡಿ ಹಿಪ್ಪೆ ಮಾಡಿ -7ಕ್ಕೆ ತಂದ್ರೆ ಅದು ಏಳು ಡಿಬಿ ಇಳಿಸಿಬಿಡುತ್ತೆ. ಜೋರು ಹೋಯ್ತು, ಹಿಪ್ಪೆ ಉಳೀತು.

7/10

ಒಂದೇ ಕಡೆ ಮಾತಾಡಿದ್ರೆ ಅದು ಜಗಳ, ವಾದ ಅಲ್ಲ. ಹಾರ್ಡ್‌ವೇರ್ ಪ್ರೇಮಿಗಳ ಮಾತಲ್ಲೂ ಹುರುಳಿದೆ. ನಮ್ಮ ಕ್ಲಾಸಲ್ಲೇ ಇಬ್ಬರಿದಾರೆ, ಇದನ್ನ ಓದ್ತಾ ಹಲ್ಲು ಕಡೀತಿರ್ತಾರೆ ಅಂತ ಗೊತ್ತು. 😄

ಅವರ ಮೊದಲ ಮಾತು: ಕೈಯಲ್ಲಿ ನಾಬ್ ತಿರುಗಿಸ್ತಾ ಕಲಿಯೋದು ಮೌಸಲ್ಲಿ ಬರಲ್ಲ. ಒಪ್ಪಿದೆ. ಕಣ್ಣು ಸ್ಕ್ರೀನ್ ಬಿಟ್ಟಾಗ ಕಿವಿ ತೆರೆಯುತ್ತೆ.

ಎರಡನೇದು: ಹಾಡುವಾಗ್ಲೇ ಹೆಡ್‌ಫೋನಲ್ಲಿ ಕಂಪ್ರೆಸ್ ಆದ ದನಿ ತಡವಿಲ್ಲದೆ ಕೇಳಿದ್ರೆ ಹಾಡುಗಾರ ಬೇರೆ ಥರ ಹಾಡ್ತಾನೆ, ಮೆಲು ದನಿಗೆ ಧೈರ್ಯ ಬರುತ್ತೆ. ಇದೂ ನಿಜ.

ಮೂರನೇದು: ಅಗ್ಗದ್ದೆಲ್ಲ ಕಸ ಅಲ್ಲ. ಎಫ್‌ಎಂಆರ್ ಆಡಿಯೊದವರ ಆರ್‌ಎನ್‌ಸಿ ಅನ್ನೋ ಅಂಗೈಯಗಲದ ಡಬ್ಬಕ್ಕೆ ಅದರ ಬೆಲೆಗೆ ಮೀರಿದ ಮರ್ಯಾದೆ ಇದೆ. ಹೆಸರಿನ ವಿಸ್ತಾರವೇ "ನಿಜಕ್ಕೂ ಚೆನ್ನಾಗಿರೋ ಕಂಪ್ರೆಸರ್" ಅಂತ. ಅಲೆಸಿಸ್ 3630ನ ಎಷ್ಟೋ ಇಂಜಿನಿಯರ್‌ಗಳು ಬೈತಿದ್ರು. ಫ್ರೆಂಚ್ ಜೋಡಿ ಡಾಫ್ಟ್ ಪಂಕ್ ಅದೇ ಡಬ್ಬ ಇಟ್ಕೊಂಡು ಹಾಡು ಮಾಡಿದ್ರು.

ಆದ್ರೆ ಈ ಕೊನೇ ಉದಾಹರಣೆ ನನ್ನ ಪಕ್ಷಕ್ಕೇ ಬರುತ್ತೆ ನೋಡಿ. ಡಾಫ್ಟ್ ಪಂಕ್ ಅವರ ಸಂಗೀತದಲ್ಲಿ ಡ್ರಮ್ ಬಿದ್ದಾಗೆಲ್ಲ ಉಳಿದದ್ದು ಉಸಿರಾಡೋ ಥರ ತಗ್ಗಿ ಏಳುತ್ತೆ. ಅದು ಅವರಿಗೆ ಬೇಕಿತ್ತು. ನನ್ನ ಅಜ್ಜಿ ಪದದಲ್ಲಿ ಬಳೆ ಝಲ್ ಅಂದಾಗ ಆಗಿದ್ದೂ ಅದೇ ಉಸಿರಾಟ. ನನಗೆ ಬೇಕಿರ್ಲಿಲ್ಲ, ಯಾಕಾಯ್ತು ಅಂತ ಕೂಡ ತಿಳೀಲಿಲ್ಲ. ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ.

ಹಾಗಾಗಿ ಮೂರು ಪ್ರಶ್ನೆ. ನಿಮ್ಮ ಹತ್ರ ಇನ್ಸರ್ಟ್ ಇದೆಯಾ? ಪ್ಲಗಿನ್ ಕೈಲಿ ಆಗದ ಯಾವ ಕೆಲಸ ಈ ಡಬ್ಬ ಮಾಡುತ್ತೆ ಅಂತ ಒಂದು ವಾಕ್ಯದಲ್ಲಿ ಹೇಳ್ತೀರಾ? ಈ ದುಡ್ಡು ಫೀಸಿಗೋ ಮೆಸ್ ಬಿಲ್ಲಿಗೋ ಬೇಡ ತಾನೇ? ಮೂರಕ್ಕೂ "ಹೌದು" ಅಂದ್ರೆ ತಗೊಳ್ಳಿ, ನಾನೇ ಬಂದು ನೋಡ್ತೀನಿ. ಒಂದಕ್ಕೆ ತಡವರಿಸಿದ್ರೂ ಕೈ ಜೇಬಿಂದ ಹೊರಗೆ ತೆಗೀಬೇಡಿ.

8/10

"ಸರಿ ಅಣ್ಣ, ಯಾವ್ದು ಹಾಕ್ಲಿ ಹೇಳು." 📌 ಇದನ್ನ ಸೇವ್ ಮಾಡ್ಕೊಳ್ಳಿ.

ಮೊದಲು, ಈಗಾಗ್ಲೇ ಇರೋದನ್ನ ಬಳಸಿ. ಆಡಾಸಿಟಿಯಲ್ಲಿ ಕಂಪ್ರೆಸರ್ ಇದೆ, ಅದು ಉಚಿತ. ಆಪಲ್ ಇದ್ರೆ ಗ್ಯಾರೇಜ್‌ಬ್ಯಾಂಡಲ್ಲೂ ಇದೆ. ರೀಪರ್ ಬಳಸೋರಿಗೆ ರಿಯಾಕಾಂಪ್ ಜೊತೇಲೇ ಬರುತ್ತೆ. ವಿಂಡೋಸ್‌ನವರು ರೀಪರ್ ಇಲ್ದೆನೂ ರಿಯಾಪ್ಲಗ್ಸ್ ಅನ್ನೋ ಉಚಿತ ಗಂಟಲ್ಲಿ ಅದನ್ನ ಇಳಿಸ್ಕೋಬೋದು. ನೋಡೋಕೆ ಬ್ಯಾಂಕ್ ಫಾರಂ ಥರ ಇದೆ, ಆದ್ರೆ ಬೇಕಾದ ಎಲ್ಲಾ ನಾಬೂ ಇದೆ. ಕಲಿಯೋಕೆ ಇದಕ್ಕಿಂತ ಒಳ್ಳೇದು ನಂಗೆ ಸಿಕ್ಕಿಲ್ಲ.

ಇನ್ನೂ ಬೇಕಾ? ಕ್ಲಾಂಗ್‌ಹೆಲ್ಮ್ ಡಿಸಿ1ಎ: ಮುಖ್ಯವಾಗಿ ಎರಡೇ ನಾಬು, ಇನ್‌ಪುಟ್ ಮತ್ತು ಔಟ್‌ಪುಟ್. ಟೋಕಿಯೊ ಡಾನ್ ಅವರ ಕೊಟೆಲ್ನಿಕೋವ್: ಪೂರ್ತಿ ಮಿಕ್ಸಿನ ಮೇಲೆ ಮೆಲ್ಲಗೆ ಹಾಕೋಕೆ. ಅನಲಾಗ್ ಅಬ್ಸೆಷನ್ ಅವರ ಲಾಲಾ: ಎಲ್‌ಎ-2ಎ ಜಾತಿಯದ್ದು. ಮೂರೂ ಉಚಿತ. ಮೂರನ್ನೂ ಒಟ್ಟಿಗೆ ಇಳಿಸ್ಬೇಡಿ. ಒಂದನ್ನ ಇಟ್ಕೊಂಡು ಮೂರು ತಿಂಗಳು ಕೂತ್ಕೊಳ್ಳಿ.

ಆರಿಸೋವಾಗ ನಾನು ನೋಡೋದು ಇಷ್ಟು:
ಎಷ್ಟು ಡಿಬಿ ತಗ್ಗಿಸ್ತಿದೆ ಅಂತ ತೋರ್ಸೋ ಮೀಟರ್ ಇರ್ಬೇಕು.
ಅಟ್ಯಾಕ್, ರಿಲೀಸ್ ಕೈಗೆ ಸಿಗ್ಬೇಕು, ಇಲ್ಲಾಂದ್ರೆ ಅದರ ಸ್ವಭಾವ ಹಾಡಿಗೆ ಒಪ್ಪಬೇಕು.
ಆಟೊ ಮೇಕಪ್ ಆಫ್ ಮಾಡೋಕೆ ಆಗ್ಬೇಕು.
ಅಸಲಿ ದನಿನೂ ಒತ್ತಿದ ದನಿನೂ ಬೆರೆಸೋ ಮಿಕ್ಸ್ ನಾಬ್ ಇದ್ರೆ ಲಾಭ.

ಬಣ್ಣ, ಮರದ ಚೌಕಟ್ಟು, ಹಳೇ ಕಾಲದ ಮುಳ್ಳು ಇವೆಲ್ಲ ಕಣ್ಣಿಗೆ. ಕಿವಿಗಲ್ಲ.

ಕ್ರ್ಯಾಕ್ ಬಗ್ಗೆ ಒಂದು ಮಾತು. ಗ್ರೂಪಲ್ಲಿ ಬರೋ ಜಿಪ್ ಫೈಲು "ಫ್ರೀ" ಅಲ್ಲ. ನನ್ನ ರೂಮ್‌ಮೇಟ್ ಲ್ಯಾಪ್‌ಟಾಪು ಅದ್ರಿಂದಲೇ ಮಲಗ್ತು, ಪ್ರಾಜೆಕ್ಟ್ ರಿಪೋರ್ಟ್ ಸಮೇತ. ನಿಜವಾದ ಉಚಿತ ಇಷ್ಟೊಂದಿರುವಾಗ ಕದ್ದ ಮಾಲಿಗೆ ಯಾಕೆ ಕೈ ಹಾಕ್ಬೇಕು?

9/10

ಬಳಸೋದು ಹೇಗೆ? ಸೆಟ್ಟಿಂಗಿಗೆ ಮುಂಚೆ ಎರಡು ಉಚಿತ ಕಂಪ್ರೆಸರ್ ಇವೆ.

ಒಂದನೇದು ನಿಮ್ಮ ಕತ್ತು. ಮೈಕಿನ ದೂರ ಅರ್ಧ ಆದ್ರೆ ದನಿ ಸುಮಾರು 6 ಡಿಬಿ ಏರುತ್ತೆ. ಎತ್ತರದ ಸ್ವರಕ್ಕೆ ಸ್ವಲ್ಪ ಹಿಂದೆ ಸರೀರಿ, ಮೆಲ್ಲಗಿನ ಸಾಲಿಗೆ ಹತ್ರ ಬನ್ನಿ. ಸ್ಟೇಜ್ ಕಂಡ ಹಾಡುಗಾರರು ಇದನ್ನ ಯೋಚನೆ ಮಾಡದೆನೇ ಮಾಡ್ತಾರೆ.

ಎರಡನೇದು ನಿಮ್ಮ ಮೌಸು. ಎರಡು ಪದ ಮಾತ್ರ ಜೋರಾಗಿದ್ರೆ ಆ ಎರಡು ಪದವನ್ನ ಕತ್ತರಿಸಿ ಮೂರು ಡಿಬಿ ಇಳಿಸಿ. ಎರಡು ಪದಕ್ಕೋಸ್ಕರ ಇಡೀ ಹಾಡನ್ನ ಯಾಕೆ ಒತ್ತಬೇಕು? ತರಗತೀಲಿ ಇಬ್ಬರು ಗಲಾಟೆ ಮಾಡಿದ್ರೆ ಎಲ್ಲರನ್ನೂ ಹೊರಗೆ ನಿಲ್ಲಿಸೋ ಮೇಷ್ಟ್ರು ಆಗ್ಬೇಡಿ.

ಇವೆರಡಾದ್ಮೇಲೂ ಬೇಕು ಅನ್ಸಿದ್ರೆ:

ದನಿಗೆ: ರೇಶಿಯೊ 2:1 ಇಂದ 3:1. ಅಟ್ಯಾಕ್ 10-20 ಮಿಲಿಸೆಕೆಂಡ್. ರಿಲೀಸ್ 100 ಸುತ್ತಮುತ್ತ. ಮೀಟರಲ್ಲಿ 3-4 ಡಿಬಿ ತಗ್ಗಿದ್ರೆ ಸಾಕು. ಇದು ಶುರು ಮಾಡೋ ಜಾಗ ಅಷ್ಟೇ. ಮುಂದಕ್ಕೆ ಕಿವಿ ಕರ್ಕೊಂಡು ಹೋಗ್ಬೇಕು.

ತಬಲಾಗೆ: ಅಟ್ಯಾಕ್ ಒಂದು ಮಿಲಿಸೆಕೆಂಡಿಗೆ ಇಟ್ಟು "ನಾ" ಕೇಳಿ. ಬೆರಳು ಕಿನಾರಿಗೆ ಬಿದ್ದ ಚುರುಕು ಸತ್ತು ಹಲಗೆ ತಟ್ಟಿದ ಹಾಗಾಗುತ್ತೆ. ಈಗ 30ಕ್ಕೆ ಏರಿಸಿ. ಪೆಟ್ಟು ಮೊದ್ಲು ದಾಟ್ಕೊಳ್ಳುತ್ತೆ, ಆಮೇಲೆ ಕೈ ಬೀಳುತ್ತೆ. ಅಟ್ಯಾಕ್ ಅಂದ್ರೇನು ಅಂತ ಇದಕ್ಕಿಂತ ಬೇಗ ಕಲಿಸೋ ಪಾಠ ಇಲ್ಲ.

ತಂಬೂರಿ ಅಥವಾ ಶ್ರುತಿ ಪೆಟ್ಟಿಗೆ ಇಟ್ಕೊಂಡು ಹಾಡೋರು ಹುಷಾರು. ಒಂದೇ ಮೈಕಲ್ಲಿ ಎರಡೂ ಇದ್ರೆ, ನೀವು ನಿಲ್ಲಿಸಿದಾಗೆಲ್ಲ ಶ್ರುತಿ ಉಬ್ಬುತ್ತೆ, ಹಾಡಿದಾಗ ತಗ್ಗುತ್ತೆ. ನೆಲದ ಹಾಗೆ ಸ್ಥಿರವಾಗಿರ್ಬೇಕಾದ್ದು ಉಯ್ಯಾಲೆ ಆಗುತ್ತೆ. ಶ್ರುತಿನ ಹೆಡ್‌ಫೋನಲ್ಲಿ ಕೇಳ್ತಾ ಬೇರೆ ಟ್ರ್ಯಾಕಲ್ಲಿ ರೆಕಾರ್ಡ್ ಮಾಡಿ.

ಗಮಕ, ಸಣ್ಣ ಸಂಗತಿ ಇರೋ ಹಾಡಿಗೆ ಇನ್ನೂ ಮೆಲ್ಲಗೆ. ದನಿ ಏರಿ ಇಳಿಯೋದೇ ಅಲ್ಲಿ ಅರ್ಥ. ಅದನ್ನೇ ಸಪಾಟು ಮಾಡಿದ್ರೆ ಉಳಿಯೋದು ಸಾಹಿತ್ಯ ಅಷ್ಟೇ.

10/10

ಹಾಗಾದ್ರೆ ಸ್ಕಾಲರ್‌ಶಿಪ್ ದುಡ್ಡು?

ಮೊದ್ಲು ಫೀಸು, ಪುಸ್ತಕ. ಇದನ್ನ ಹೇಳೋಕೆ ನಾನು ನಿಮ್ಮಪ್ಪ ಅಲ್ಲ, ಆದ್ರೂ ಹೇಳ್ತೀನಿ. ಮಿಕ್ಕಿದ್ರೆ ಅಲ್ಲಾಡದ ಒಂದು ಮೈಕ್ ಸ್ಟ್ಯಾಂಡು. ಒಂದು ಪಾಪ್ ಫಿಲ್ಟರ್. ಹಿಂದೆ ತೂಗುಹಾಕೋಕೆ ದಪ್ಪ ರಗ್ಗು, ಮನೇಲಿದ್ರೆ ಅದೂ ಕೊಳ್ಳೋದು ಬೇಡ. ಕಿವಿ ಮುಚ್ಚೋ ಒಂದು ಹೆಡ್‌ಫೋನು. ಇವು ಪ್ರತಿ ರೆಕಾರ್ಡಿಂಗಲ್ಲೂ ಕೇಳಿಸ್ತವೆ. ಕಂಪ್ರೆಸರ್ ಡಬ್ಬದ ಬೆಲೆ ಕೇಳಿಸೋದು ಪಾಸ್‌ಬುಕ್ಕಲ್ಲಿ ಮಾತ್ರ.

ಜೂನಿಯರ್ ನಿನ್ನೆ ಮತ್ತೆ ಮೆಸೇಜ್ ಮಾಡಿದ್ದ. ರಿಯಾಕಾಂಪ್ ಹಾಕಿದ್ನಂತೆ. "ಅಣ್ಣ, ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ" ಅಂದ. ಒಳ್ಳೇದು ಅಂದೆ. ವ್ಯತ್ಯಾಸ ಕೇಳೋಕೆ ನಂಗೆ ಆರು ತಿಂಗಳು ಬೇಕಾಯ್ತು. ಆ ಆರು ತಿಂಗಳನ್ನ ಯಾವ ಅಂಗಡೀಲೂ ಮಾರಲ್ಲ. ಮಾರೋ ಹಾಗಿದ್ರೆ ಅದಕ್ಕೂ ಬಯೋದಲ್ಲಿ ಲಿಂಕ್ ಇರ್ತಿತ್ತು.

ನನ್ನ ಡಬ್ಬವನ್ನ ಮಾರಿದೆ. ಕೊಂಡೋನಿಗೆ ಇಷ್ಟೂ ಹೇಳಿ, ಅವನ ಇಂಟರ್‌ಫೇಸಲ್ಲಿ ಇನ್ಸರ್ಟ್ ಇದೆಯಾ ಅಂತ ಕೇಳಿಯೇ ಕೊಟ್ಟೆ. 7,000 ಬಂತು.

ಆ ಮೂರು ಪದದ ಫೈಲು ಇನ್ನೂ ಇವೆ. ಫ್ಯಾನ್ ಶಬ್ದ ತೆಗೆಯೋಕೆ ಬೇಕಾದಷ್ಟು ಒದ್ದಾಡಿದೀನಿ. ಶಬ್ದ ತೆಗೆದ್ರೆ ಪಕ್ಕದ್ಮನೆ ಅಜ್ಜಿ ದನಿಯ ಅಂಚು ಹೋಗುತ್ತೆ. ಬಿಟ್ರೆ ಫ್ಯಾನು. ಸದ್ಯಕ್ಕೆ ಬಿಟ್ಟಿದೀನಿ. ಹೋದ ಸಲ ಊರಲ್ಲಿ ನಮ್ಮಜ್ಜಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಫ್ಯಾನಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಮುಗಿದ್ಮೇಲೆ "ಇನ್ನೊಂದು ಸಲ ಹಾಕು" ಅಂದ್ಲು. ಅವಳಿಗೆ ಏನು ಕೇಳಿಸ್ತೋ ನಂಗೆ ಗೊತ್ತು. ನಂಗೆ ಮಾತ್ರ ಪ್ರತಿ ಸಲ ನನ್ನ ರೇಶಿಯೊ ಎಂಟು ಕೇಳಿಸುತ್ತೆ.

ನಿಮಗೆ ಹೋಮ್‌ವರ್ಕ್. ಈ ವಾರ ಊರಿಗೆ ಹೋದ್ರೆ ಮನೇಲಿ ಯಾರಾದ್ರೂ ಹಿರಿಯರ ಒಂದು ಹಾಡು ರೆಕಾರ್ಡ್ ಮಾಡಿ. ಫೋನಲ್ಲಾದ್ರೂ ಸರಿ. ಯಾವ ಎಫೆಕ್ಟೂ ಬೇಡ. ಅಸಲಿ ಫೈಲನ್ನ ಎರಡು ಕಡೆ ಇಟ್ಕೊಳ್ಳಿ, ಒತ್ತೋದು ತಿದ್ದೋದು ಎಲ್ಲಾ ಕಾಪಿಯ ಮೇಲೆ.

ಶುರು ಮಾಡೋ ಮುಂಚೆ ಫ್ಯಾನ್ ಆಫ್ ಮಾಡಿ.

ಡಬ್ಬ ಕೊಳ್ಳೋಕೆ ಹೊರಟಿರೋ ಗೆಳೆಯನ್ನ ಕೆಳಗೆ ಟ್ಯಾಗ್ ಮಾಡಿ. ಬೈಯೋರಿದ್ರೆ ಕಾಮೆಂಟಲ್ಲಿ ಬೈರಿ, ಇಲ್ಲೇ ಇರ್ತೀನಿ.

#ಮನೆರೆಕಾರ್ಡಿಂಗ್ #ಕಂಪ್ರೆಸರ್ #ಕನ್ನಡದಲ್ಲಿಆಡಿಯೊ #ಹಾಸ್ಟೆಲ್‌ಸ್ಟುಡಿಯೊ #ಸೋಬಾನೆಪದ #ಫ್ಯಾನ್‌ಆಫ್‌ಮಾಡಿ